ವಿಶೇಷ ಶಿಕ್ಷಕರ ಪದವಿ ಶಿಕ್ಷಣ: ಮಗುವಿನ ನುಡಿಗೆ ಸ್ಥಳವೆಲ್ಲಿ?

ವೈಕಲ್ಯವುಳ್ಳ ಮಕ್ಕಳಿಗೆ ವಿದ್ಯೆ ಕಲಿಸುವ ಉಪಾಧ್ಯಾಯರನ್ನು ಸಿದ್ಧಪಡಿಸುವ ಕಾರ್ಯ ನಮ್ಮ ದೇಶದಲ್ಲಿ ಶಾಸನದ ಆಶ್ರಯದಲ್ಲಿ ನಡೆಯುತ್ತಿದೆ. (ಶಾಸನವೆಂದೊಡನೆ ಹಲ್ಮಿಡಿಯನ್ನು ನೆನೆಯುವ ವಾಚಕರು ಕ್ಷಮಿಸಬೇಕು, ಇಲ್ಲಿ ಹೇಳುತ್ತಿರುವುದು ಪಾರ್ಲಿಮೆಂಟಿನ ಶಾಸನವನ್ನು.) ೧೯೮೬ರಲ್ಲಿ ಒಂದು ಸಂಘವಾಗಿ ಹುಟ್ಟಿದ ಭಾರತೀಯ ಪುನರ್ವಸತಿ ಪರಿಷತ್ತು ೧೯೯೨ರ ಶಾಸನದಿಂದ ಅಧಿಕಾರ ಪಡೆದು, ಮರುವರ್ಷದಿಂದ ಈ ಶಿಕ್ಷಣದ ಪಠ್ಯಕ್ರಮಗಳನ್ನು ಗೊತ್ತುಮಾಡುವ, ವಿದ್ಯಾಸಂಸ್ಥೆಗಳಿಗೆ ಮಾನ್ಯತೆ ಕೊಡುವ, ಶಿಕ್ಷಕರ ಹೆಸರನ್ನು ನೋಂದಾಯಿಸುವ ಕೆಲಸವನ್ನು ವಹಿಸಿಕೊಂಡಿತು. ನೋಂದಣಿಯಿಲ್ಲದೆ ಈ ವೃತ್ತಿ ನಡೆಸುವವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಲು ಆ ಶಾಸನದಲ್ಲಿ ಅವಕಾಶವಿದೆ. ಗಣಿತ ಕಲಿಸುವವನನ್ನಾಗಲಿ ಕಾವ್ಯ ಕಲಿಸುವವನನ್ನಾಗಲಿ ಈ ದೇಶ ಇಷ್ಟು ಕಟ್ಟುನಿಟ್ಟಾಗಿ ಕಂಡಿಲ್ಲ. ಇಷ್ಟು ಕಾವಲಿನೊಳಗೆ ಬೆಳೆದ ವಿದ್ಯೆ ಎಂತಹುದು, ಅದು ಮಗುವಿಗೆ ಎಷ್ಟರ ಮಟ್ಟಿಗೆ ಮುಟ್ಟುತ್ತದೆ ಎಂಬುದನ್ನು, ವಿಶೇಷವಾಗಿ ಆಟಿಸಂ ಉಳ್ಳ ಮಕ್ಕಳನ್ನೂ ಕನ್ನಡ ನುಡಿಯನ್ನೂ ಮುಂದಿಟ್ಟುಕೊಂಡು, ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯ ನಮ್ಮ ಸಂಘಗಳಿಗೆ ದೂರದ್ದೇನೂ ಅಲ್ಲ. ಕಿವುಡು ಮತ್ತು ವಾಕ್‌ದೋಷಗಳಿಗಾಗಿ ೧೯೮೩ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಮುಂಬಯಿಯಲ್ಲಿದೆ. ಬೌದ್ಧಿಕ ವೈಕಲ್ಯಕ್ಕಾಗಿ ೧೯೮೪ರಲ್ಲಿ ತೊಡಗಿದ ಸಂಸ್ಥೆ ಸಿಕಂದರಾಬಾದಿನಲ್ಲಿದೆ. ಬಹುವೈಕಲ್ಯದ ಸಂಸ್ಥೆ ಚೆನ್ನೈಯ ಹೊರಗಣ ಮುತ್ತುಕಾಡಿನಲ್ಲಿದೆ. ಕನ್ನಡಿಗರು ಹೊಟ್ಟೆಪಾಡಿಗಾಗಿ ನೆಲೆಸಿದ ನಗರಗಳೇ ಈ ವಿದ್ಯೆಯ ನೆಲೆಗಳೂ ಆಗಿವೆ. ಕನ್ನಡನಾಡಿನೊಳಗೆ ಮೈಸೂರಿನ ಅಖಿಲ ಭಾರತ ವಾಕ್‌ಶ್ರವಣ ಸಂಸ್ಥೆ ಇವೆಲ್ಲಕ್ಕೂ ಹಿರಿಯದು, ೧೯೬೫ರಿಂದ ನಡೆದುಬಂದಿದೆ. ಆದರೆ ಈ ಎಲ್ಲೆಡೆಯೂ ಪದವಿಯ ಮಟ್ಟದ ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಪಾಠ ಇಂಗ್ಲಿಷಿನಲ್ಲಿ ನಡೆಯುವುದು ಅಪರಾಧವಲ್ಲ. ವೈದ್ಯವೂ ಹಾಗೆಯೇ ನಡೆಯುತ್ತದೆ. ಆದರೆ ಯಕೃತ್ತು ಯಾವ ನುಡಿಯನ್ನೂ ಆಡುವುದಿಲ್ಲ, ಮಗು ಆಡುತ್ತದೆ. ಇಲ್ಲವೆ ಆಡಲಾರದೆ ಹೋಗುತ್ತದೆ. ಆಗಲಂತೂ ಅದು ಆಡಲಾರದ ನುಡಿ ಯಾವುದೆಂಬ ವಿಚಾರ ಇನ್ನೂ ಮುಖ್ಯವಾಗುತ್ತದೆ.

ಪಠ್ಯಕ್ರಮವನ್ನು ನೋಡೋಣ. ೨೦೧೫ರಲ್ಲಿ ಪರಿಷತ್ತು ವಿಶೇಷ ಶಿಕ್ಷಣದ ಬಿ.ಎಡ್. ಪದವಿಯನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಆರು ಶಾಖೆಗಳಾಗಿ ವಿಂಗಡಿಸಿತು: ಆಟಿಸಂ, ಶ್ರವಣದೋಷ, ಬೌದ್ಧಿಕ ವೈಕಲ್ಯ, ಕಲಿಕೆಯ ನ್ಯೂನತೆ, ಬಹುವೈಕಲ್ಯ, ದೃಷ್ಟಿದೋಷ. ಯಾವ ಶಾಖೆಯವನಾದರೂ ಉಳಿದ ವೈಕಲ್ಯಗಳ ಪರಿಚಯವನ್ನು ಪಡೆಯಲೇಬೇಕು. ಈ ವ್ಯವಸ್ಥೆ ವಿವೇಕಯುತವಾದುದೆಂದು ಒಪ್ಪಬೇಕು. ಹಳ್ಳಿಯ ಶಾಲೆಗೆ ಹೋದ ಶಿಕ್ಷಕನಿಗೆ ತನ್ನ ಶಾಖೆಯ ಮಕ್ಕಳೇ ಸಿಗುವರೆಂಬ ಭರವಸೆ ಎಲ್ಲಿದೆ? ಆಟಿಸಂ ಒಂದು ಸ್ವತಂತ್ರ ಶಾಖೆಯಾದುದೂ ದೊಡ್ಡ ಮಾತೇ. ೧೯೯೫ರ ಶಾಸನ ಎಣಿಸಿದ ಏಳು ವೈಕಲ್ಯಗಳಲ್ಲಿ ಅದರ ಹೆಸರೇ ಇರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಶಾಸನದಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ೨೦೧೬ರ ಶಾಸನ ಇಪ್ಪತ್ತೊಂದು ವೈಕಲ್ಯಗಳನ್ನು ಹೆಸರಿಸಿದಾಗ ಅವುಗಳಲ್ಲಿ ಒಂದಾಗಿ ನೆಲೆಗೊಂಡಿತು. ಸಾಮಾನ್ಯ ಬಿ.ಎಡ್. ಪದವಿಯ ವಿದ್ಯಾರ್ಥಿಗಾದರೋ ೨೦೧೪ರ ಚೌಕಟ್ಟಿನಂತೆ ಸರ್ವರನ್ನೂ ಒಳಗೊಳ್ಳುವ ಶಾಲೆಯನ್ನು ಕುರಿತ ಒಂದು ಪತ್ರಿಕೆಯಿದೆ, ಅಷ್ಟೆ. ಆ ಒಂದು ಪತ್ರಿಕೆಯ ಬಲದ ಮೇಲೆ ನಲವತ್ತು ಮಕ್ಕಳ ತರಗತಿಯಲ್ಲಿ ಆತ ಇಂತಹ ಮಗುವನ್ನು ಎದುರಿಸಬೇಕು.

ಈ ವಿದ್ಯೆಯ ಚರಿತ್ರೆಯನ್ನು ಪಠ್ಯಗಳು ಒಂದು ಪುಟದಲ್ಲಿ ಮುಗಿಸಿಬಿಡುವುದು ನಮಗೆ ಸರಿತೋರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸಿನ ವೈದ್ಯ ಇಟಾರ್, ಕಾಡಿನಲ್ಲಿ ಸಿಕ್ಕಿದ ಮಾತುಬಾರದ ಹುಡುಗನೊಬ್ಬನಿಗೆ ವರ್ಷಗಟ್ಟಲೆ ಪಾಠ ಹೇಳಿದ. ಅವನ ದಾರಿಯನ್ನು ಹಿಡಿದ ಸೆಗಾಂ ಬುದ್ಧಿ ಹಿಂದುಳಿದ ಮಕ್ಕಳಿಗೆ ಇಂದ್ರಿಯಗಳ ಮೂಲಕ ಕಲಿಸುವ ಕ್ರಮವನ್ನು ರೂಪಿಸಿದ. ೧೯೦೦ರಲ್ಲಿ ರೋಮಿನಲ್ಲಿ ಅಂತಹ ಮಕ್ಕಳ ಶಿಕ್ಷಕರಿಗೆಂದೇ ತೆರೆದ ಶಾಲೆಯೊಂದರಲ್ಲಿ ಮೇರಿಯಾ ಮಾಂಟೆಸರಿ ಈ ಇಬ್ಬರ ಕ್ರಮವನ್ನು ಪ್ರಯೋಗಿಸಿ ತಿದ್ದಿದಳು. ೧೯೦೭ರಲ್ಲಿ ಅದನ್ನೇ ಬಡ ಬಡಾವಣೆಯ ಸಾಮಾನ್ಯ ಮಕ್ಕಳಿಗೆ ಅನ್ವಯಿಸಿದಳು. ೧೯೩೯ರಲ್ಲಿ ಆಕೆ ಮದರಾಸಿನ ಅಡಯಾರಿಗೆ ಬಂದು ಶಿಕ್ಷಕರಿಗೆ ಪಾಠ ಹೇಳಿದುದು ನಮ್ಮ ಹಿರಿಯರಿಗೆ ನೆನಪಿದ್ದ ಸಂಗತಿ. ಇಂದು ಹಣವುಳ್ಳವರು ಸಾವಿರಾರು ರೂಪಾಯಿ ಶುಲ್ಕ ತೆತ್ತು ತಮ್ಮ ಕೂಸುಗಳನ್ನು ಕಳುಹಿಸುವ ಮಾಂಟೆಸರಿ ಮನೆಗಳ ಮರದ ಉರುಳೆಗಳೂ ಮರಳುಕಾಗದದ ಅಕ್ಷರಗಳೂ ಯಾರ ಮನೆಯ ಆಸ್ತಿಯೆಂಬುದನ್ನು ಗಮನಿಸಬೇಕು. ವಿಶೇಷ ಮಕ್ಕಳಿಂದ ಸಾಮಾನ್ಯ ಶಿಕ್ಷಣ ಸಾಲ ಪಡೆದಿದೆ. ಆ ಸಾಲದ ಉಲ್ಲೇಖವೇ ಲೆಕ್ಕದಲ್ಲಿಲ್ಲ. ಬದಲಿಗೆ ವಿಶೇಷ ಶಿಕ್ಷಣವನ್ನು ಸಾಮಾನ್ಯ ಶಿಕ್ಷಣದ ಒಂದು ಬಡ ಅನುಬಂಧವೆಂಬಂತೆ ಕಲಿಸುತ್ತಾರೆ.

ಇನ್ನು ಹೆಸರಿನ ವಿಚಾರ. ಆಟಿಸಂ ಎಂಬುದಕ್ಕೆ ನಮ್ಮವರು 'ಸ್ವಲೀನತೆ' ಎಂಬ ಪದವನ್ನು ರೂಢಿಸಿದ್ದಾರೆ. ಶಬ್ದಸೌಷ್ಠವದ ದೃಷ್ಟಿಯಿಂದ ಒಳ್ಳೆಯ ಪದವೇ. ಗ್ರೀಕಿನ ಮೂಲಕ್ಕೆ ನಿಷ್ಠವಾಗಿದೆ: ಅಲ್ಲಿಯೂ 'ತಾನು' ಎಂಬುದೇ ಧಾತು. ಆದರೆ ಆ ಗ್ರೀಕು ಪದವನ್ನು ಜ್ಯೂರಿಕ್ಕಿನ ಬ್ಲಾಯ್ಲರ್ ೧೯೧೧ರ ಸುಮಾರಿಗೆ ಬಳಕೆಗೆ ತಂದುದು ಸ್ಕಿಜೋಫ್ರೇನಿಯಾ ರೋಗಿಗಳು ಹೊರಲೋಕದಿಂದ ಹಿಂದೆಗೆದು ತಮ್ಮೊಳಗೆ ಸೇರಿಕೊಳ್ಳುವುದನ್ನು ವರ್ಣಿಸಲು. ೧೯೪೩ರಲ್ಲಿ ಬಾಲ್ಟಿಮೋರಿನ ಕ್ಯಾನರ್ ಹನ್ನೊಂದು ಮಕ್ಕಳ ಪ್ರಸಿದ್ಧ ವರದಿಯಲ್ಲಿ ಅದೇ ಪದವನ್ನು ಎರವಲು ತಂದ. ಮರುವರ್ಷ ವಿಯೆನ್ನಾದ ಆಸ್ಪರ್ಗರ್ ಕೂಡ ಅದನ್ನೇ ಬಳಸಿದ. ಮುಂದೆ ತಾಯಿಯ ಮನಸ್ಸಿನ ಶೈತ್ಯವೇ ಮಗುವನ್ನು ಹೀಗೆ ಒಳಗೆ ಅಟ್ಟಿತೆಂಬ ಕ್ರೂರ ವಾದ ಹುಟ್ಟಿತು. ೧೯೬೭ರಲ್ಲಿ ಬೆಟಲ್‌ಹೈಮ್ ಅದನ್ನು ದೊಡ್ಡ ಗ್ರಂಥವನ್ನಾಗಿಯೇ ಮಾಡಿದ. ಅಷ್ಟರಲ್ಲಾಗಲೇ, ೧೯೬೪ರಲ್ಲಿ, ಸ್ವತಃ ಇಂತಹ ಮಗುವಿನ ತಂದೆಯಾಗಿದ್ದ ರಿಮ್ಲಂಡ್ ಇದು ಮಿದುಳಿಗೆ ಸಂಬಂಧಿಸಿದ್ದು, ತಾಯಿತಂದೆಗಳ ಅಪರಾಧವಲ್ಲವೆಂದು ವಾದಿಸಿದ್ದ. ಇಂದಿನ ಶಾಸ್ತ್ರ ರಿಮ್ಲಂಡನ ಪಕ್ಷದಲ್ಲಿದೆ. 'ಸ್ವಲೀನತೆ'ಯಾದರೋ ತಿಳಿದೋ ತಿಳಿಯದೆಯೋ ಬ್ಲಾಯ್ಲರನ ಪಕ್ಷದಲ್ಲಿ ನಿಂತಿದೆ.

ಕನ್ನಡದಲ್ಲಿ ಇನ್ನೊಂದು ತೊಡಕೂ ಸೇರುತ್ತದೆ. 'ಲೀನ'ವಾಗುವುದು ನಮ್ಮಲ್ಲಿ ಯೋಗಿಯ ಲಕ್ಷಣ. ಅದಕ್ಕೊಂದು ಗೌರವದ ಪ್ರಭೆಯಿದೆ. ಹೀಗಾಗಿ ಈ ಪದ ಒಂದು ಕಡೆ ಮಗುವನ್ನು ಅನುಭಾವಿಯನ್ನಾಗಿಸುತ್ತದೆ, ಇನ್ನೊಂದು ಕಡೆ ಅದಕ್ಕೆ ಹೊರಗಿನವರ ಅಗತ್ಯವೇ ಇಲ್ಲವೆಂದು ಸೂಚಿಸುತ್ತದೆ. ಎರಡೂ ಸುಳ್ಳು. ಹಲವು ಮಕ್ಕಳಿಗೆ ಗೆಳೆಯರು ಬೇಕು, ಆದರೆ ಗೆಳೆತನದ ದಾರಿ ಬೇರೆ. ೨೦೧೨ರಲ್ಲಿ, ತಾನೇ ಆಟಿಸಂ ಉಳ್ಳ ಇಂಗ್ಲೆಂಡಿನ ವಿದ್ವಾಂಸ ಡೇಮಿಯನ್ ಮಿಲ್ಟನ್ ಒಂದು ವಿಚಾರವನ್ನು ಮಂಡಿಸಿದ: ಪರಸ್ಪರ ಅರ್ಥವಾಗದಿರುವುದು ಇಬ್ಬದಿಯ ಕೊರತೆ, ಅವರಿಗೆ ನಾವು ಅರ್ಥವಾಗದಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ. ಶಿಕ್ಷಕರ ತರಬೇತಿಗೆ ಇದಕ್ಕಿಂತ ಉಪಯುಕ್ತವಾದ ವಿಚಾರ ಈಚೆಗೆ ಬಂದಿಲ್ಲವೆಂದು ನಮ್ಮ ಅಭಿಪ್ರಾಯ. ಏಕೆಂದರೆ ಇದು ಶಿಕ್ಷಕನ ಪಾಲಿನ ಅರ್ಧವನ್ನು ಶಿಕ್ಷಕನಿಗೇ ಹಿಂದಿರುಗಿಸುತ್ತದೆ. ೨೦೧೬ರ ಶಾಸನ ವೈಕಲ್ಯವುಳ್ಳವರನ್ನೇ ಶಿಕ್ಷಕರನ್ನಾಗಿ ನೇಮಿಸಿಕೊಳ್ಳಲು ಹೇಳುತ್ತದೆ; ಆ ಮಾತನ್ನು ತರಬೇತಿ ಕಾಲೇಜುಗಳ ಅಧ್ಯಾಪಕವರ್ಗಕ್ಕೂ ಅನ್ವಯಿಸಿದರೆ ಒಳಿತು.

ಅದಂತಿರಲಿ. ಮುಖ್ಯ ಆಕ್ಷೇಪಣೆಗೆ ಬರೋಣ. ಕ್ಯಾನರನು ತನ್ನ ಮಕ್ಕಳಲ್ಲಿ ಎರಡು ನುಡಿಲಕ್ಷಣಗಳನ್ನು ಕಂಡ. ಒಂದು, ಕೇಳಿದ ಮಾತನ್ನು ಹಾಗೆಯೇ ಮರುನುಡಿಯುವುದು. ಎರಡು, 'ನಾನು' ಎನ್ನಬೇಕಾದಲ್ಲಿ 'ನೀನು' ಎನ್ನುವುದು. ಅಂದಿನಿಂದ ಈ ಎರಡೂ ಪಠ್ಯಪುಸ್ತಕಗಳಲ್ಲಿ ಅಚ್ಚಾಗುತ್ತ ಬಂದಿವೆ; ನಮ್ಮ ವಿದ್ಯಾರ್ಥಿಗಳೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಸರ್ವನಾಮದ ಈ ತಲೆಕೆಳಗು ಇಂಗ್ಲಿಷಿನಲ್ಲಿ ಕಾಣುವಂತೆ ಕನ್ನಡದಲ್ಲಿ ಕಾಣಲು ಸಾಧ್ಯವೆ? ತಾಯಿ ಮಗುವನ್ನು 'ಹಾಲು ಬೇಕಾ?' ಎಂದು ಕೇಳುತ್ತಾಳೆ. ಅಲ್ಲಿ 'ನೀನು' ಇಲ್ಲವೇ ಇಲ್ಲ. 'ಬೇಕು' ಎಂಬ ರೂಪ ಪುರುಷಭೇದವನ್ನು ಒಲ್ಲದು. ನನಗೂ ಬೇಕು, ನಿನಗೂ ಬೇಕು, ಅವನಿಗೂ ಬೇಕು. ಹಾಲು ಬೇಕಾದ ಮಗು ಆ ಪ್ರಶ್ನೆಯನ್ನೇ ಮರುನುಡಿದು 'ಹಾಲು ಬೇಕಾ' ಎಂದಾಗ ಯಾವ ಸರ್ವನಾಮವೂ ಅದಲುಬದಲಾಗಿಲ್ಲ. ಉಳಿದುಕೊಂಡಿರುವುದು ಪ್ರಶ್ನಾರ್ಥಕದ ದೀರ್ಘವೊಂದೇ. ಧಾರವಾಡದ ಕಡೆಯ ಮನೆಯಾದರೆ 'ಬೇಕೇನು' ಎಂದು ಉಳಿದೀತು. 'ಊಟ ಮಾಡ್ತೀಯಾ' ಎಂಬಲ್ಲಿ ಮಧ್ಯಮಪುರುಷವಿದೆ, ಆದರೆ ಅದು ಕ್ರಿಯಾಪದದ ತುದಿಯಲ್ಲಿ ಅಡಗಿದೆ. ಮೇಲಾಗಿ ನಮ್ಮ ತಾಯಂದಿರು ಮಗುವನ್ನು ಎದುರಿಗಿಟ್ಟುಕೊಂಡೇ 'ಪುಟ್ಟ ಊಟ ಮಾಡ್ತಾನಾ?' ಎಂದು ಪ್ರಥಮಪುರುಷದಲ್ಲಿ ಕೇಳುವುದುಂಟು. ಮುದ್ದಿನ ಭರದಲ್ಲಿ ಹೆಣ್ಣುಮಗುವನ್ನು 'ಬಾರೋ ನನ್ನಪ್ಪ' ಎಂದು ಕರೆಯುವುದುಂಟು. ಆ ಹೆಣ್ಣುಮಗು ಮರಳಿ ಗೊಂಬೆಯನ್ನು 'ಬಾರೋ' ಎಂದರೆ ಅದು ದೋಷವೆ, ಮನೆಯ ರೂಢಿಯೆ? ಇಂಗ್ಲಿಷು ಪಠ್ಯವನ್ನು ಓದಿ ಬಂದ ಶಿಕ್ಷಕ ಸರ್ವನಾಮಗಳಿಗಾಗಿ ಕಾದು ಕುಳಿತಿರುತ್ತಾನೆ. ಮಗುವಿನ ವಿಶೇಷ ಅವನ ಕಣ್ಣೆದುರಿಗೆ ಪ್ರತ್ಯಯದ ರೂಪದಲ್ಲಿ ಹಾದುಹೋಗುತ್ತದೆ.

ಮರುನುಡಿಯೆಂಬುದು ಅರ್ಥಹೀನವಾದ ಗಿಣಿಪಾಠವಲ್ಲ, ಅದರಿಂದ ಮಗು ಕೇಳುವುದು, ಒಪ್ಪುವುದು, ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳುವುದು ಮೊದಲಾದ ಹಲವು ಕಾರ್ಯಗಳು ನಡೆಯುತ್ತವೆ ಎಂಬುದನ್ನು ೧೯೮೦ರ ದಶಕದಲ್ಲಿ ಅಮೆರಿಕದ ಪ್ರಿಜಾಂಟ್ ಮೊದಲಾದವರು ತೋರಿಸಿದರು. ಇದನ್ನು ತಿಳಿದ ಶಿಕ್ಷಕ 'ಹಾಲು ಬೇಕಾ' ಎಂಬುದನ್ನು ಕೋರಿಕೆಯೆಂದು ಗುರುತಿಸಿ ಹಾಲನ್ನು ಕೊಟ್ಟು, 'ಬೇಕು' ಎಂಬ ರೂಪವನ್ನು ತಾನು ನುಡಿದು ತೋರಿಸುತ್ತಾನೆ. ತಿಳಿಯದವನು ಸುಮ್ಮನಿರು ಎಂದು ಗದರುತ್ತಾನೆ. ಎರಡಕ್ಕೂ ನಡುವೆ ಇರುವ ಅಂತರ ಒಂದು ಸ್ವರದ ಜ್ಞಾನದ್ದು.

ಈ ನುಡಿಯ ಪ್ರಶ್ನೆ ವಲಸೆಯ ಮನೆಗಳಲ್ಲಿ ಹೆಚ್ಚು ಕ್ರೂರವಾಗುತ್ತದೆ. ಮುಂಬಯಿಯ ಕನ್ನಡ ಮನೆಯೊಂದರಲ್ಲಿ ತುಳು ಅಡುಗೆಮನೆಯ ನುಡಿಯಾಗಿ, ಕನ್ನಡ ಓದುಬರಹದ ನುಡಿಯಾಗಿ, ಮರಾಠಿ ಮೆಟ್ಟಿಲಿನ ನುಡಿಯಾಗಿ, ಹಿಂದಿ ಪೇಟೆಯ ನುಡಿಯಾಗಿ, ಇಂಗ್ಲಿಷು ಶಾಲೆಯ ನುಡಿಯಾಗಿ ಇರುವುದು ಸಾಮಾನ್ಯ. ಮಗು ಎರಡೂವರೆ ವರ್ಷವಾದರೂ ಮಾತಾಡದಿದ್ದಾಗ ತಾಯಿತಂದೆಗಳಿಗೆ ಸಿಗುವ ಮೊದಲ ಉಪದೇಶ, 'ಮನೆಯಲ್ಲಿ ಒಂದೇ ನುಡಿಯಾಡಿ' ಎಂಬುದು. ಆ ಒಂದು ನುಡಿ ಯಾವುದೆಂದು ಯಾರೂ ಕೇಳಬೇಕಾಗಿಲ್ಲ. ಹೀಗೆ ಅಜ್ಜಿಗೆ ಬಾರದ ನುಡಿಯಲ್ಲಿ ಮೊಮ್ಮಗನನ್ನು ಬೆಳೆಸುತ್ತಾರೆ. ತಾಯಿ ತನಗೆ ಪಳಗದ ಇಂಗ್ಲಿಷಿನಲ್ಲಿ ಮೂರು ವಾಕ್ಯಗಳನ್ನೇ ತಿರುತಿರುಗಿಸಿ ಆಡುತ್ತಾಳೆ. ಲಾಲಿ, ಗದರಿಕೆ, ಹಾಸ್ಯ, ಹಿತ್ತಲಿನ ಹರಟೆ ಎಲ್ಲವೂ ನಿಂತುಹೋಗುತ್ತವೆ. ಈ ಉಪದೇಶಕ್ಕೆ ಆಧಾರವಿದೆಯೆ? ೨೦೧೨ರಲ್ಲಿ ಕೆನಡಾದಿಂದ ಪ್ರಕಟವಾದ ಹಲವು ಅಧ್ಯಯನಗಳು ಎರಡು ನುಡಿಗಳ ನಡುವೆ ಬೆಳೆದ ಆಟಿಸಂ ಮಕ್ಕಳನ್ನೂ ಒಂದೇ ನುಡಿಯಲ್ಲಿ ಬೆಳೆದವರನ್ನೂ ಹೋಲಿಸಿ ನೋಡಿದವು. ಎರಡನೆಯ ನುಡಿಯಿಂದಾಗಿ ಹೆಚ್ಚಿನ ಹಿಂದುಳಿಕೆ ಉಂಟಾಗುವುದೆಂಬುದಕ್ಕೆ ಅವುಗಳಲ್ಲಿ ಪುರಾವೆ ಸಿಗಲಿಲ್ಲ. ಅನಂತರದ ಅಧ್ಯಯನಗಳೂ ಈ ಮಾತನ್ನು ಕೆಡಿಸಿಲ್ಲ. ಇವು ಸಣ್ಣ ಗುಂಪುಗಳ ಮೇಲೆ, ಎರಡು ನುಡಿಗಳ ಮನೆಗಳಲ್ಲಿ ನಡೆದವು, ಐದು ನುಡಿಗಳ ಮನೆಗೆ ಹಾಗೆಯೇ ಹೊಂದಿಸಬಾರದು ಎಂಬ ಆಕ್ಷೇಪ ನ್ಯಾಯವಾದುದು. ಆದರೆ ಪುರಾವೆಯ ಭಾರ ಮನೆಯ ನುಡಿಯನ್ನು ಬಿಡಿಸುವವನ ಮೇಲಿರಬೇಕೇ ಹೊರತು ಉಳಿಸಿಕೊಳ್ಳುವವಳ ಮೇಲಲ್ಲ. ನಮ್ಮ ಸಂಘದ ಸದಸ್ಯರು ಕನ್ನಡ ಶಾಲೆಗಳು ಮುಚ್ಚುವುದನ್ನು ಕುರಿತು ಠರಾವು ಮಾಡುತ್ತಾರೆ. ಚಿಕಿತ್ಸಾಕೊಠಡಿಯಲ್ಲಿ ಮುಚ್ಚುವ ಕನ್ನಡ ಯಾವ ಠರಾವಿನಲ್ಲೂ ಬಂದುದನ್ನು ಕಾಣೆವು.

ಓದಿನ ವಿಷಯದಲ್ಲಿಯೂ ಇದೇ ಕಥೆ. ಕಲಿಕೆಯ ನ್ಯೂನತೆಯನ್ನು ಪತ್ತೆಹಚ್ಚುವ ಪಾಶ್ಚಾತ್ಯ ಕ್ರಮ ಒಂದೊಂದು ಧ್ವನಿಗೆ ಒಂದೊಂದು ಅಕ್ಷರವನ್ನು ಹೊಂದಿಸುವ ಲಿಪಿಯನ್ನು ಆಧರಿಸಿದೆ. ನಮ್ಮ ಅಕ್ಷರ ಬೇರೆ ಜಾತಿಯದು. ಕಾಗುಣಿತ, ಒತ್ತಕ್ಷರಗಳು ಸೇರಿದರೆ ಮಗು ಕಣ್ಣಿನಲ್ಲಿ ಹಿಡಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದನ್ನು ಕುರಿತು ಬೆಂಗಳೂರಿನ ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಈ ರೂಪಗಳನ್ನು ಕರಗತಮಾಡಿಕೊಳ್ಳಲು ಯಾವ ನ್ಯೂನತೆಯೂ ಇಲ್ಲದ ಮಕ್ಕಳಿಗೇ ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುವುದೆಂದೂ, ಒಂಟಿ ಧ್ವನಿಗಳ ಅರಿವು ನಿಧಾನವಾಗಿ ಮೂಡುವುದೆಂದೂ ತಿಳಿದುಬಂತು. ಎರಡನೆಯ ತರಗತಿಯ ಮಗುವನ್ನು ಇಂಗ್ಲಿಷಿನ ಅಳತೆಗೋಲಿನಿಂದ ಅಳೆದು ದೋಷವುಳ್ಳದ್ದೆಂದು ಬರೆದರೆ ಅದು ಅನ್ಯಾಯ. ನಿಜವಾಗಿ ತೊಡಕುಳ್ಳ ಮಗುವನ್ನು 'ಇನ್ನೂ ಕಾಲವಿದೆ' ಎಂದು ಕೈಬಿಟ್ಟರೆ ಅದೂ ಅನ್ಯಾಯ. ಕುರುಡರ ಲಿಪಿಯಲ್ಲಿ ಈ ವಿವೇಕ ಮೊದಲೇ ತೋರಿತ್ತು. ೧೯೫೧ರಲ್ಲಿ ಅಂಗೀಕೃತವಾದ ಭಾರತಿ ಬ್ರೈಲಿನಲ್ಲಿ ಒತ್ತಕ್ಷರ ಕೆಳಗೆ ಕುಳಿತುಕೊಳ್ಳುವುದಿಲ್ಲ. 'ಅಕ್ಕ' ಎಂದು ಬರೆಯಲು ಅಕಾರ, ಸ್ವರಲೋಪದ ಚಿಹ್ನೆ, ಬಳಿಕ ಎರಡು ಕಕಾರಗಳು ಒಂದರ ಮುಂದೊಂದು ಸಾಲಾಗಿ ಬರುತ್ತವೆ. ಬೆರಳಿನ ಅನುಕೂಲವನ್ನೂ ಭಾರತೀಯ ಅಕ್ಷರದ ಸ್ವಭಾವವನ್ನೂ ಏಕಕಾಲದಲ್ಲಿ ಅರಿತವರು ಮಾಡಿದ ಕೆಲಸವದು.

ಅಳತೆಗೋಲಿನ ಮಾತು ಬಂದುದರಿಂದ ಒಂದು ವಿಷಯವನ್ನು ಸೇರಿಸಬೇಕು. ಸಿಕಂದರಾಬಾದಿನ ಸಂಸ್ಥೆ ೨೦೦೯ರಲ್ಲಿ ಸಿದ್ಧಪಡಿಸಿದ ಆಟಿಸಂ ಮಾಪಕದಲ್ಲಿ ನಲವತ್ತು ಅಂಶಗಳಿವೆ. ಒಂದೊಂದಕ್ಕೆ ಒಂದರಿಂದ ಐದರವರೆಗೆ ಅಂಕ. ಎಪ್ಪತ್ತು ಅಂಕ ಮುಟ್ಟಿದರೆ ಆಟಿಸಂ. ವೈಕಲ್ಯದ ಪ್ರಮಾಣಪತ್ರಕ್ಕೆ ಇದು ಬೇಕು, ಪ್ರಮಾಣಪತ್ರವಿಲ್ಲದೆ ಸೌಲಭ್ಯವಿಲ್ಲ. ನಮ್ಮ ವೃತ್ತಿಯಲ್ಲಿಯೂ ಇಂತಹ ಕಾಗದದ ಬೆಲೆ ಗೊತ್ತು: ರಾಷ್ಟ್ರೀಯ ನ್ಯಾಸ ಶಾಸನದಂತೆ ಕೊಟ್ಟ ಪೋಷಕತ್ವದ ಪತ್ರಗಳನ್ನು ಖಾತೆ ತೆರೆಯಲು ಒಪ್ಪಿಕೊಳ್ಳಬೇಕೆಂದು ೨೦೦೭ರಲ್ಲಿ ರಿಸರ್ವ್ ಬ್ಯಾಂಕು ಸೂಚಿಸಿದ ಮೇಲೆ, ಮಧ್ಯವಯಸ್ಸಿನ ಮಗನ ಕೈಹಿಡಿದು ಬರುವ ವೃದ್ಧ ತಾಯಂದಿರು ಬ್ಯಾಂಕಿನ ಮೇಜಿನೆದುರು ಕುಳಿತುಕೊಳ್ಳುವಂತಾಯಿತು. ಕಾಗದವನ್ನು ಹಳಿಯುವುದು ಸಲ್ಲದು. ಆದರೆ ಎಷ್ಟು ಎಂಬುದನ್ನು ಹೇಳುವ ಅಂಕ, ಇಂದು ಬೆಳಗ್ಗೆ ಏನನ್ನು ಕಲಿಸಬೇಕೆಂಬುದನ್ನು ಹೇಳಲಾರದು. ತರಬೇತಿಯಲ್ಲಿ ವಿದ್ಯಾರ್ಥಿಗಳು ಒಂದೊಂದು ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಬರೆಯುತ್ತಾರೆ: ದೂರದ ಗುರಿ, ಹತ್ತಿರದ ಗುರಿ, ಸಾಧನ, ಮೌಲ್ಯಮಾಪನ. ಈ ಯೋಜನೆಗಳನ್ನು ಓದಿದಾಗ ಬ್ಯಾಂಕಿನ ಕೆಲವು ಸಾಲದ ಕಡತಗಳು ನೆನಪಿಗೆ ಬರುತ್ತವೆ. ಎಲ್ಲ ಕಲಮುಗಳೂ ಭರ್ತಿಯಾಗಿವೆ, ಸಹಿಗಳಿವೆ, ಕಡತ ಅಚ್ಚುಕಟ್ಟಾಗಿದೆ. ಸಾಲ ಮಾತ್ರ ಮುಳುಗಿದೆ. ಇಂತಹ ಯೋಜನೆಗಳಲ್ಲಿ ಮಗು ಮನೆಯಲ್ಲಿ ಆಡುವ ನುಡಿಗೆ ಒಂದು ಪದದ ಕಲಮಿರುತ್ತದೆ: 'ಕನ್ನಡ'. ಯಾವ ಕನ್ನಡ, ಯಾರೊಡನೆ, ಯಾವ ಮಾತುಗಳು ಎಂಬುದಕ್ಕೆ ಸ್ಥಳವಿಲ್ಲ.

ಶಿಕ್ಷಕರ ಸಂಖ್ಯೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ೨೦೨೧ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ವಿಶೇಷ ಶಿಕ್ಷಕರ ಪ್ರಮಾಣವನ್ನು ಗೊತ್ತುಪಡಿಸಬೇಕೆಂದು ತೀರ್ಪಿತ್ತಿತು. ೨೦೨೨ರಲ್ಲಿ ಕೇಂದ್ರ ಸರಕಾರ ಪ್ರಾಥಮಿಕ ಹಂತದಲ್ಲಿ ಇಂತಹ ಹತ್ತು ಮಕ್ಕಳಿಗೆ ಒಬ್ಬ, ಮುಂದಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ಶಿಕ್ಷಕನೆಂದು ಪ್ರಕಟಿಸಿತು. ೨೦೨೫ರ ಮಾರ್ಚಿನಲ್ಲಿ ಕೋರ್ಟು ಮತ್ತೆ ರಾಜ್ಯಗಳನ್ನು ಕರೆದು ಹುದ್ದೆಗಳನ್ನು ಪ್ರಕಟಿಸಬೇಕೆಂದು ಆಜ್ಞಾಪಿಸಬೇಕಾಯಿತು. ಹುದ್ದೆಗಳು ತುಂಬತೊಡಗಿದಾಗ ಅವಸರ ಹೆಚ್ಚುತ್ತದೆ. ಅವಸರದಲ್ಲಿ ಪದವಿ ಅಗ್ಗವಾಗುತ್ತದೆ. ಈಗಿನ ಪಠ್ಯಕ್ರಮದ ಕೊರತೆಗಳು ಈ ಅವಸರಕ್ಕೆ ಮೊದಲೇ ತಿದ್ದಿಕೊಳ್ಳಬೇಕಾದವು.

ಹಾಗಾದರೆ ತಿದ್ದುವವರು ಯಾರು? ಬಿ.ಎಡ್. ವಿದ್ಯಾರ್ಥಿಗೆ ಪಾಠ ಹೇಳುವವರು ಎಂ.ಎಡ್. ಪಡೆದವರು, ಆ ಸ್ನಾತಕೋತ್ತರ ಪದವಿಗೆ ಒಂದು ಸಂಶೋಧನ ಪ್ರಬಂಧವನ್ನು ಬರೆಯುವುದು ಕಡ್ಡಾಯ. ಆ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸಾಮಾನ್ಯ ಶಿಕ್ಷಕರ ಮನೋಭಾವವನ್ನು ಕುರಿತ ಪ್ರಶ್ನಾವಳಿಗಳು. ಪ್ರಶ್ನಾವಳಿಗೆ ಶಿಕ್ಷಕರು ಸದುತ್ತರವನ್ನೇ ಕೊಡುತ್ತಾರೆ. ಮನೋಭಾವ ಉತ್ತಮವಾಗಿದೆಯೆಂದು ತೀರ್ಮಾನವಾಗುತ್ತದೆ. ಪ್ರಬಂಧ ಕಪಾಟನ್ನು ಸೇರುತ್ತದೆ. ಇದರ ಬದಲು ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಮನೆಯಲ್ಲಿ ಒಂದು ವರ್ಷ ಕುಳಿತು ಒಂದು ಮಗುವಿನ ನುಡಿಯನ್ನು ಬರೆದುಕೊಂಡರೆ, ಹತ್ತು ವರ್ಷದಲ್ಲಿ ಕನ್ನಡಕ್ಕೆ ಯಾವ ವಿಶ್ವವಿದ್ಯಾನಿಲಯವೂ ಹೊಂದಿರದ ಸಂಪತ್ತು ದೊರೆಯುತ್ತದೆ. ಪಾಶ್ಚಾತ್ಯರ ಈ ಶಾಸ್ತ್ರ ಹುಟ್ಟಿದುದೂ ಹನ್ನೊಂದು ಮಕ್ಕಳನ್ನು ಎಚ್ಚರದಿಂದ ಗಮನಿಸಿ ಬರೆದುಕೊಂಡುದರಿಂದಲ್ಲವೆ?

ಏನನ್ನು ಬರೆದುಕೊಳ್ಳಬೇಕೆಂಬುದನ್ನು ಸೂಚಿಸಬಹುದು. ಮಗು ಮರುನುಡಿದ ಪ್ರತಿಯೊಂದು ವಾಕ್ಯ, ಅದನ್ನು ಮೊದಲು ಆಡಿದವರು ಯಾರು, ಎಷ್ಟು ಹೊತ್ತಿನ ಅಥವಾ ದಿನದ ಹಿಂದೆ; ಬೇಕು, ಬೇಡ, ಇಲ್ಲ, ಗೊತ್ತಿಲ್ಲ ಎಂಬ ಪುರುಷಭೇದವಿಲ್ಲದ ರೂಪಗಳು ಮೊದಲು ಬರುತ್ತವೆಯೆ, ಬಂದೆ, ಬಂದಳು ಎಂಬ ಪ್ರತ್ಯಯಗಳುಳ್ಳವು ಮೊದಲೆ; 'ನೀನು' 'ನೀವು'ಗಳ ಭೇದವನ್ನು ಮಗು ಪಾಲಿಸುತ್ತದೆಯೆ; ಮನೆಯಲ್ಲಿ ತುಳುವಿನಲ್ಲಿ ಕೇಳಿದುದನ್ನು ಕನ್ನಡದಲ್ಲಿ ನುಡಿಯುತ್ತದೆಯೆ, ಅಥವಾ ಕೇಳಿದ ನುಡಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆಯೆ; ಅಜ್ಜಿಯೊಡನೆ ಆಡಿದ ಮಾತುಗಳೆಷ್ಟು, ಚಿಕಿತ್ಸಕನೊಡನೆ ಎಷ್ಟು. ಇದಕ್ಕೆ ಒಂದು ಪುಸ್ತಕ, ಒಂದು ಪೆನ್ನು, ದಿನಕ್ಕೆ ಒಂದು ಗಂಟೆಯ ಕಾಲ ಸಾಕು. ತಾಯಂದಿರಲ್ಲಿ ಅನೇಕರು ಯಾರೂ ಕೇಳದೆಯೇ ಇದನ್ನು ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಬರೆದಿಟ್ಟುಕೊಂಡಿರುತ್ತಾರೆ.